ವಿಹಾರ ನೌಕೆಗಳು ಗುಜರಿಗೆ ಹೋಗುವುದೇಕೆ, ಮನಸ್ಸು ಅವುಗಳ ಬೆನ್ನು ಹತ್ತುವುದೇಕೆ

2020ರ ಅಕ್ಟೋಬರ್‌ನಲ್ಲಿ ಟರ್ಕಿಯ ಅಲಿಯಾಗಾ ಎಂಬ ಊರಿನ ಮೇಲೆ ಡ್ರೋನ್ ಹಾರಿಸಿ ತೆಗೆದ ಕೆಲವು ಚಿತ್ರಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದವು. ಏಜಿಯನ್ ಸಮುದ್ರದ ದಂಡೆಗೆ ಮೂತಿ ಹಚ್ಚಿಕೊಂಡು ಐದು ವಿಹಾರ ನೌಕೆಗಳು ಅಕ್ಕಪಕ್ಕದಲ್ಲಿ ನಿಂತಿದ್ದವು: ಕಾರ್ನಿವಲ್ ಕಂಪನಿಯ ಫ್ಯಾಂಟಸಿ, ಇನ್‌ಸ್ಪಿರೇಷನ್, ಇಮ್ಯಾಜಿನೇಷನ್, ಸ್ಪೇನಿನ ಪುಲ್ಮಂತೂರ್ ಕಂಪನಿಯ ಸಾವರಿನ್ ಮತ್ತು ಮೊನಾರ್ಕ್. ಒಂದೆರಡರ ಮುಂಭಾಗವನ್ನು ಆಗಲೇ ಕತ್ತರಿಸಿ ತೆಗೆದಿದ್ದರು. ಅಲ್ಲಿ ಹತ್ತು ಹನ್ನೆರಡು ಅಂತಸ್ತುಗಳ ಒಳಗು, ಕ್ಯಾಬಿನ್‌ಗಳ ಸಾಲು, ಜೋತುಬಿದ್ದ ತಂತಿಗಳು ಎಲ್ಲ ಬಯಲಿಗೆ ಬಿದ್ದಿದ್ದವು.

ಚಿತ್ರ ನೋಡಿದವರಲ್ಲಿ ಬಹಳ ಜನರಿಗೆ ಅದು ಕೊರೊನಾ ಕಾಲದ ಇನ್ನೊಂದು ಸುದ್ದಿ, ಅಷ್ಟೆ. ಆದರೆ ಆ ಹಡಗುಗಳಲ್ಲಿ ಮದುವೆಯ ಹೊಸತರಲ್ಲಿ ಪ್ರಯಾಣ ಮಾಡಿದವರು, ಅವುಗಳ ಅಡುಗೆಮನೆಯಲ್ಲಿ, ಎಂಜಿನ್ ಕೋಣೆಯಲ್ಲಿ ವರ್ಷಗಟ್ಟಲೆ ದುಡಿದವರು, ಹಡಗುಗಳ ವಿನ್ಯಾಸವನ್ನು ಪ್ರೀತಿಯಿಂದ ಓದಿಕೊಂಡವರು ಸಾವಿನ ಮನೆಯವರಂತೆ ದುಃಖಪಟ್ಟರು. ನಾನು ಈ ಮೂರನೆಯ ಗುಂಪಿನವನು. ಈ ದುಃಖ ಬರಿಯ ಭಾವುಕತೆಯಲ್ಲ ಎಂದು ನನ್ನ ನಂಬಿಕೆ. ಹಡಗೊಂದು ಯಾಕೆ ಗುಜರಿಗೆ ಹೋಗುತ್ತದೆ ಎಂದು ಲೆಕ್ಕ ಬಿಡಿಸುತ್ತ ಹೋದರೆ ಒಂದು ವಿಚಿತ್ರ ಕಾಣಸಿಗುತ್ತದೆ: ಹಳೆಯ ಹಡಗಿನಲ್ಲಿ ನಾವು ಯಾವುದನ್ನು ಪ್ರೀತಿಸುತ್ತೇವೋ, ಕಂಪನಿಯ ಖಾತೆ ಪುಸ್ತಕದಲ್ಲಿ ಅದೇ ನಷ್ಟದ ಬಾಬ್ತು ಆಗಿರುತ್ತದೆ.

ಹಡಗಿಗೆ ವಯಸ್ಸಾಗುವುದು ಹೇಗೆ

ಉಕ್ಕಿನ ಹಡಗು ಮೂವತ್ತು ವರ್ಷಕ್ಕೆ ಕರಗಿ ಹೋಗುವ ವಸ್ತುವಲ್ಲ. ಚೆನ್ನಾಗಿ ನೋಡಿಕೊಂಡರೆ ಐವತ್ತು, ಅರವತ್ತು ವರ್ಷವೂ ತೇಲುತ್ತದೆ. ಪೂರ್ವ ಜರ್ಮನಿಯ ವಿಸ್ಮಾರ್‌ನಲ್ಲಿ 1965ರಲ್ಲಿ ಕಟ್ಟಿದ ಅಲೆಕ್ಸಾಂಡರ್ ಪುಷ್ಕಿನ್ ಎಂಬ ಸೋವಿಯತ್ ಹಡಗು ಮೊದಲು ಲೆನಿನ್‌ಗ್ರಾಡ್ ಮತ್ತು ಕೆನಡಾದ ಮಾಂಟ್ರಿಯಲ್ ನಡುವೆ ಓಡಾಡಿತು. ತೊಂಬತ್ತರ ದಶಕದ ಆರಂಭದಲ್ಲಿ ಗ್ರೀಸಿನಲ್ಲಿ ಮೈಯೆಲ್ಲ ಹೊಸದು ಮಾಡಿಸಿಕೊಂಡು ಮಾರ್ಕೋ ಪೋಲೋ ಎಂಬ ಹೆಸರಿನಲ್ಲಿ 2020ರವರೆಗೂ ಪ್ರಯಾಣಿಕರನ್ನು ಹೊತ್ತಿತು. ಹಿಮದ ಸಮುದ್ರಕ್ಕೆಂದು ಗಟ್ಟಿಗೊಳಿಸಿದ್ದ ಅದರ ಒಡಲು ಕೊನೆಯವರೆಗೂ ಸೋಲಲಿಲ್ಲ.

ಸೋಲುವುದು ಲೆಕ್ಕ. ಐದು ವರ್ಷಕ್ಕೊಮ್ಮೆ ಪ್ರತಿ ಹಡಗಿಗೂ ದೊಡ್ಡ ತಪಾಸಣೆ ನಡೆಯುತ್ತದೆ. ತಪಾಸಣೆಯಲ್ಲಿ ತೇರ್ಗಡೆಯಾಗದೆ ವಿಮೆ ಸಿಗುವುದಿಲ್ಲ, ವಿಮೆಯಿಲ್ಲದೆ ಬಂದರಿನೊಳಗೆ ಬಿಡುವುದಿಲ್ಲ. ಹಡಗು ಇಪ್ಪತ್ತೈದು ದಾಟಿದ ಮೇಲೆ ಪ್ರತಿ ತಪಾಸಣೆಯೂ ಹಿಂದಿನದಕ್ಕಿಂತ ದುಬಾರಿ. ತೆಳುವಾದ ಉಕ್ಕಿನ ಹಾಳೆ ಬದಲಿಸಬೇಕು, ಪೈಪು ಬದಲಿಸಬೇಕು, ತಯಾರಕರು ಎಂದೋ ಮಾಡುವುದನ್ನೇ ನಿಲ್ಲಿಸಿದ ಎಂಜಿನ್ ಭಾಗಗಳನ್ನು ಹುಡುಕಿಸಬೇಕು. ಅದರ ಮೇಲೆ ಹೊಸ ನಿಯಮಗಳು. 2010ರ ಅಕ್ಟೋಬರ್ 1ರಿಂದ ಅಂತರರಾಷ್ಟ್ರೀಯ ಸುರಕ್ಷತಾ ಒಪ್ಪಂದದ ಪ್ರಕಾರ ಹಳೆಯ ಪ್ರಯಾಣಿಕ ಹಡಗುಗಳ ಒಳಗಟ್ಟಿನಲ್ಲೂ ಬೆಂಕಿ ಹತ್ತುವ ಸಾಮಗ್ರಿ ಇರಕೂಡದು ಎಂದಾಯಿತು. ಹಡಗಿಗೆ ಬೆಂಕಿ ಬಿದ್ದರೆ ಓಡಿಹೋಗಲು ಜಾಗವಿಲ್ಲ, ಆ ನಿಯಮ ಸರಿಯೇ. ಆದರೆ ಐವತ್ತು ಅರವತ್ತರ ದಶಕದ ಹಡಗುಗಳ ಚೆಲುವೆಲ್ಲ ಇದ್ದದ್ದು ಮರದಲ್ಲಿ. ಹೊಳಪು ಕೊಟ್ಟ ಹಲಗೆಯ ಗೋಡೆಗಳು, ಕುಸುರಿ ಕೆಲಸದ ಮೆಟ್ಟಿಲ ಕೈಪಿಡಿಗಳು ಕಾನೂನಿನ ಕಣ್ಣಿಗೆ ಉರುವಲಾದವು. ಅವನ್ನು ಕಿತ್ತು ಹೊಸದು ಕೂರಿಸುವ ಖರ್ಚು ಹಡಗಿನ ಬೆಲೆಯನ್ನೇ ಮೀರುತ್ತಿತ್ತು. ಆ ಗಡುವಿನ ಆಚೀಚೆ ಹಡಗುಗಳ ಒಂದು ಇಡೀ ಪೀಳಿಗೆಯೇ ಗುಜರಿಯ ದಡ ಸೇರಿತು.

ನಂತರದ ಪೀಳಿಗೆಯನ್ನು ಕೊಂದದ್ದು ಬಾಲ್ಕನಿ. ಅಲಿಯಾಗಾ ಸೇರಿದ ಆ ಸಾವರಿನ್, ಸಾವರಿನ್ ಆಫ್ ದಿ ಸೀಸ್ ಎಂಬ ಹೆಸರಿನಲ್ಲಿ ಫ್ರಾನ್ಸಿನ ಸೇಂಟ್ ನಜೇರ್‌ನಿಂದ ಹೊರಬಂದು 1988ರ ಜನವರಿಯಲ್ಲಿ ಸೇವೆಗೆ ಇಳಿದಾಗ ಅದು ಜಗತ್ತಿನ ಅತಿ ದೊಡ್ಡ ಪ್ರಯಾಣಿಕ ಹಡಗು. ಐದು ಅಂತಸ್ತು ಎತ್ತರದ ನಡುಮನೆ, ಅದರಲ್ಲಿ ಗಾಜಿನ ಲಿಫ್ಟು, ಹೊಗೆಕೊಳವೆಯ ಸುತ್ತ ಆಕಾಶಕ್ಕೆ ಕಟ್ಟಿದಂಥ ಒಂದು ಕೂಟಮಂದಿರ. ಆದರೆ ಕ್ಯಾಬಿನ್‌ಗಳು ಸಣ್ಣವು, ಬಹುಪಾಲಿಗೆ ಬಾಲ್ಕನಿ ಇಲ್ಲ. ಆಗ ಯಾರಿಗೂ ಅದು ಕೊರತೆ ಅನ್ನಿಸಲಿಲ್ಲ. ಕ್ಯಾಬಿನ್ ಎಂದರೆ ಮಲಗುವ ಜಾಗ, ಹಗಲೆಲ್ಲ ಇರಬೇಕಾದ್ದು ಡೆಕ್ಕಿನ ಮೇಲೆ, ನಾಲ್ಕು ಜನರ ನಡುವೆ. ಮುಂದಿನ ಹದಿನೈದು ವರ್ಷಗಳಲ್ಲಿ ಪ್ರಯಾಣಿಕರ ಮನಸ್ಸು ತಿರುಗಿತು. ಸ್ವಂತದ್ದೊಂದು ಬಾಲ್ಕನಿಗೆ ಹೆಚ್ಚು ದುಡ್ಡು ಕೊಡಲು ಅವರು ಸಿದ್ಧರಾದರು. ಹೊಸ ಹಡಗುಗಳು ಆ ಬೇಡಿಕೆಗೆ ತಕ್ಕಂತೆ ಪೆಟ್ಟಿಗೆಯ ಆಕಾರ ತಾಳಿದವು, ಏಕೆಂದರೆ ನೆಟ್ಟಗಿನ ಎತ್ತರದ ಗೋಡೆಯಲ್ಲೇ ಹೆಚ್ಚು ಬಾಲ್ಕನಿ ಹಿಡಿಸುತ್ತದೆ.

ಹಳೆಯ ಹಡಗಿನ ಬಾಗು ಬಳುಕು ಇಲ್ಲಿಂದಲೇ ದಂಡವಾಯಿತು. ಹಿಂಬದಿಯಲ್ಲಿ ಒಂದರ ಕೆಳಗೊಂದು ಮೆಟ್ಟಿಲಿನಂತೆ ಇಳಿದು ಬರುವ ತೆರೆದ ಡೆಕ್ಕುಗಳು, ಹಡಗನ್ನು ಪೂರ್ತಿ ಒಂದು ಸುತ್ತು ಹಾಕಿ ನಡೆಯಬಹುದಾದ ತೇಗದ ಹಾದಿ, ಯಾರೂ ಏನನ್ನೂ ಮಾರದ ಓದುವ ಕೋಣೆ. ಇವೆಲ್ಲ ಕೂತು ಸಮುದ್ರ ನೋಡುವ ಜಾಗಗಳು. ಕೂತು ಸಮುದ್ರ ನೋಡುವವನಿಂದ ಕಂಪನಿಗೆ ವರಮಾನವಿಲ್ಲ. 2020ರಲ್ಲಿ ಕಾರ್ನಿವಲ್ ಸಮೂಹ ಹದಿನೆಂಟು ಹಡಗುಗಳನ್ನು ಕೈಬಿಡುವುದಾಗಿ ಪ್ರಕಟಿಸಿದಾಗ ಕೊಟ್ಟ ಅಂಕಿ ಇದನ್ನು ಬಿಚ್ಚಿ ಹೇಳುತ್ತದೆ: ಅಷ್ಟು ಹಡಗುಗಳು ಸೇರಿ ಸಮೂಹದ ಒಟ್ಟು ಸಾಮರ್ಥ್ಯದ ಸುಮಾರು ಶೇ. 12ರಷ್ಟಿದ್ದವು, ಆದರೆ 2019ರ ಕಾರ್ಯಾಚರಣೆಯ ಆದಾಯದಲ್ಲಿ ಅವುಗಳ ಪಾಲು ಶೇ. 3 ಮಾತ್ರ. ಸಾಂಕ್ರಾಮಿಕ ಈ ಹಡಗುಗಳನ್ನು ಕೊಂದಿತು ಅನ್ನುವುದು ಅರ್ಧ ಸತ್ಯ. ಮೊದಲೇ ಬರೆದಿಟ್ಟಿದ್ದ ತೀರ್ಪಿಗೆ ಅದು ದಿನಾಂಕ ಹಾಕಿತು.

ಕೈಯಿಂದ ಕೈಗೆ

ಮಾಮೂಲಿ ದಿನಗಳಲ್ಲಿ ದೊಡ್ಡ ಕಂಪನಿ ಕೈಬಿಟ್ಟ ಹಡಗು ನೇರವಾಗಿ ಗುಜರಿಗೆ ಹೋಗುವುದಿಲ್ಲ. ಅಣ್ಣನ ಅಂಗಿ ತಮ್ಮನಿಗೆ ಬರುವಂತೆ ಅದು ಸಣ್ಣ ಕಂಪನಿಗೆ, ಅಲ್ಲಿಂದ ಇನ್ನೂ ಸಣ್ಣ ಕಂಪನಿಗೆ ಇಳಿಯುತ್ತದೆ. 1989ರಲ್ಲಿ ಬಂದ ಸ್ಟಾರ್ ಪ್ರಿನ್ಸೆಸ್ ಎಂಬ ಹಡಗಿನ ಬದುಕು ನೋಡಿ: 1997ರಲ್ಲಿ ಅರ್ಕೇಡಿಯಾ, 2003ರಲ್ಲಿ ಓಷನ್ ವಿಲೇಜ್, 2010ರಲ್ಲಿ ಪೆಸಿಫಿಕ್ ಪರ್ಲ್, 2017ರಲ್ಲಿ ಕೊಲಂಬಸ್. ಒಂದೇ ಒಡಲನ್ನು ಅಮೆರಿಕದವರು ಒಂದು ಹೆಸರಿನಿಂದ, ಬ್ರಿಟನ್ನಿನವರು ಇನ್ನೊಂದರಿಂದ, ಆಸ್ಟ್ರೇಲಿಯದವರು ಮತ್ತೊಂದರಿಂದ ಪ್ರೀತಿಸಿದರು. ಅದು ದಡ ಸೇರಿದ ದಿನ ಬೇರೆಬೇರೆ ದೇಶದವರು ಬೇರೆಬೇರೆ ಹೆಸರು ಹಿಡಿದು ಮರುಗಿದ್ದು ಹಾಗಾಗಿಯೇ.

2020ರಲ್ಲಿ ಈ ಏಣಿಯ ಕೆಳಗಿನ ಮೆಟ್ಟಿಲುಗಳೇ ಕುಸಿದವು. ಪುಲ್ಮಂತೂರ್ ಜೂನ್‌ನಲ್ಲಿ ದಿವಾಳಿಯ ಅರ್ಜಿ ಹಿಡಿದು ನ್ಯಾಯಾಲಯದ ಮೆಟ್ಟಿಲೇರಿತು. ಹಳೆಯ ಹಡಗುಗಳನ್ನೇ ನೆಚ್ಚಿಕೊಂಡಿದ್ದ ಬ್ರಿಟನ್ನಿನ ಕ್ರೂಸ್ ಅಂಡ್ ಮ್ಯಾರಿಟೈಮ್ ವೋಯೇಜಸ್ ಕಂಪನಿ ಜುಲೈನಲ್ಲಿ ಮುಳುಗಿತು. ಅದರ ಹಡಗುಗಳು ಹರಾಜಿಗೆ ಬಂದವು. ಮಾರ್ಕೋ ಪೋಲೋ ಬರೀ 27.7 ಲಕ್ಷ ಡಾಲರಿಗೆ ಹೋಯಿತು. ಕೊಳ್ಳುವ ಪ್ರಯಾಣ ಕಂಪನಿಗಳೇ ಇಲ್ಲದಾಗ ಉಳಿಯುವುದು ಉಕ್ಕಿನ ಬೆಲೆಯೊಂದೇ. ಹಡಗು ಸುಮ್ಮನೆ ನಿಲ್ಲಿಸಿಕೊಂಡರೂ ಖರ್ಚು ತಪ್ಪದು: ಜನರೇಟರ್ ಓಡಬೇಕು, ತುಕ್ಕು ತಡೆಯಬೇಕು, ಕಾವಲಿಗೆ ಸಿಬ್ಬಂದಿ ಬೇಕು, ಬಂದರಿನ ಬಾಡಿಗೆ ಕಟ್ಟಬೇಕು. ದಿನ ಕಳೆದಂತೆ ಗುಜರಿಯವನ ಮಾತೇ ಮೇಲಾಗುತ್ತದೆ.

ಈ ಲೆಕ್ಕದಲ್ಲಿ ಅದೃಷ್ಟಕ್ಕೂ ಜಾಗವಿದೆ. ಇಟಲಿಯಲ್ಲಿ ಕಟ್ಟಿದ, ಡಾಲ್ಫಿನ್ ತಲೆಯಂಥ ನುಣುಪು ಮುಂಭಾಗದ ಎರಡು ಅಕ್ಕತಂಗಿ ಹಡಗುಗಳಿದ್ದವು: 1990ರ ಕ್ರೌನ್ ಪ್ರಿನ್ಸೆಸ್, 1991ರ ರೀಗಲ್ ಪ್ರಿನ್ಸೆಸ್. ಆ ಆಕಾರ ಕೊಟ್ಟವರು ಪ್ರಸಿದ್ಧ ವಾಸ್ತುಶಿಲ್ಪಿ ರೆಂಜೊ ಪಿಯಾನೊ. ಅಕ್ಕ ಕೊನೆಗೆ ಮುಂಬೈನ ಜಲೇಶ್ ಕ್ರೂಸಸ್ ಕಂಪನಿಯ ಕರ್ಣಿಕಾ ಆಗಿ 2019ರಲ್ಲಿ ಓಡಿ, 2020ರ ನವೆಂಬರ್‌ನಲ್ಲಿ ಗುಜರಾತಿನಲ್ಲಿ ಹಡಗು ಒಡೆಯುವ ಜಾಗವಾದ ಅಲಂಗ್ ದಡ ಹತ್ತಿದಳು. ತಂಗಿಯನ್ನು ಕ್ರಿಪ್ಟೊ ಹಣದವರ ಒಂದು ತಂಡ ಕೊಂಡು, ಪನಾಮಾ ಬಳಿ ತೇಲುವ ವಸತಿ ಮಾಡುತ್ತೇವೆಂದು ಸತೋಷಿ ಎಂದು ಹೆಸರಿಟ್ಟಿತು. ವಿಮೆ ಸಿಗದೆ ಯೋಜನೆ ಬಿದ್ದುಹೋಯಿತು, ಹಡಗು ಅಲಂಗ್‌ಗೆ ಮಾರಾಟವೂ ಆಯಿತು. ಆದರೆ ಅಪಾಯಕಾರಿ ತ್ಯಾಜ್ಯದ ಸಾಗಣೆಯನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದ ಅಡ್ಡ ಬಂದು ಆ ಮಾರಾಟ ಮುರಿಯಿತು. ಅಷ್ಟರಲ್ಲಿ ಬ್ರಿಟನ್ನಿನ ಹೊಸ ಕಂಪನಿಯೊಂದು ಅದನ್ನು ಕೊಂಡು ಆಂಬಿಯನ್ಸ್ ಎಂಬ ಹೆಸರಿನಲ್ಲಿ 2022ರಲ್ಲಿ ಮತ್ತೆ ಸಮುದ್ರಕ್ಕಿಳಿಸಿತು. ಒಂದೇ ಅಚ್ಚಿನ ಎರಡು ಹಡಗು. ಒಂದು ಕಂಬಿಯಾಯಿತು, ಇನ್ನೊಂದರಲ್ಲಿ ಜನ ಊಟಕ್ಕೆ ಕೂತರು.

ಗುಜರಿಯವನು ಏನನ್ನು ತೂಗುತ್ತಾನೆ

ಇಲ್ಲೊಂದು ಅಳತೆಯ ಗೊಂದಲ ಬಿಡಿಸಿಕೊಳ್ಳಬೇಕು. ಸಾವರಿನ್ 73,192 ಟನ್, 2024ರಲ್ಲಿ ಬಂದ ಐಕಾನ್ ಆಫ್ ದಿ ಸೀಸ್ 2,48,663 ಟನ್ ಎಂದೆಲ್ಲ ಓದುತ್ತೇವೆ. ಆ ಸಂಖ್ಯೆ ತೂಕವೇ ಅಲ್ಲ. ಹಡಗಿನೊಳಗೆ ಗೋಡೆ ಮುಚ್ಚಿದ ಜಾಗ ಒಟ್ಟು ಎಷ್ಟಿದೆ ಎಂಬುದರ ಅಳತೆ ಅದು. ತೂಕದ ಲೆಕ್ಕಕ್ಕೆ ಇನ್ನೊಂದು ಅಳತೆಯಿದೆ: ಇಂಧನ, ನೀರು, ಸರಕು, ಜನ ಏನೂ ಇಲ್ಲದೆ ಖಾಲಿ ಹಡಗು ಎಷ್ಟು ತೂಗುತ್ತದೆ ಎಂಬುದು. ಈ ದಂಧೆಯಲ್ಲಿ ಅದನ್ನು ಎಲ್‌ಡಿಟಿ ಎನ್ನುತ್ತಾರೆ, ಬೆಲೆ ಮಾತಾಡುವುದು ಟನ್ ಎಲ್‌ಡಿಟಿಗೆ ಇಷ್ಟು ಡಾಲರ್ ಎಂದೇ. ಮೂವತ್ತು ವರ್ಷ ಕ್ಯಾಬಿನ್ ಲೆಕ್ಕದಲ್ಲಿ, ಅಂದರೆ ಖಾಲಿ ಜಾಗವನ್ನು ಮಾರಿ ಬದುಕಿದ ಹಡಗು ಕೊನೆಗೆ ತನ್ನ ಕಬ್ಬಿಣದ ತೂಕಕ್ಕೆ ಮಾರಾಟವಾಗುತ್ತದೆ.

ತೈಲದ ಹಡಗಿಗೆ ಹೋಲಿಸಿದರೆ ವಿಹಾರ ನೌಕೆ ಒಡೆಯುವವರಿಗೆ ತಲೆನೋವಿನ ಸರಕು. ತೈಲ ಹಡಗು ದಪ್ಪ ಉಕ್ಕಿನ ದೊಡ್ಡ ಡಬ್ಬಿ, ಕತ್ತರಿಸುತ್ತ ಹೋದರಾಯಿತು. ವಿಹಾರ ನೌಕೆಯಲ್ಲಿ ಉಕ್ಕು ತೆಳು, ಅದನ್ನು ಮುಟ್ಟುವ ಮೊದಲು ಸಾವಿರಾರು ಹಾಸಿಗೆ, ಬಚ್ಚಲು, ಬಾಗಿಲು, ಗೋಡೆಯ ಹಲಗೆ, ರತ್ನಗಂಬಳಿ, ಶಾಖ ತಡೆಯುವ ಪದರ, ಮೈಲಿಗಟ್ಟಲೆ ತಂತಿ ಹೊರಬರಬೇಕು. ತಂತಿಯ ತಾಮ್ರಕ್ಕೆ, ಅಡುಗೆಮನೆಯ ಸ್ಟೀಲಿಗೆ, ಕಂಚಿನ ಪ್ರೊಪೆಲ್ಲರಿಗೆ ಒಳ್ಳೆಯ ಬೆಲೆ ಬರುತ್ತದೆ. ಆದರೆ ಕೈಕೆಲಸ ಹೆಚ್ಚು, ಕಾಲವೂ ಹೆಚ್ಚು.

ಹೆಚ್ಚಿನ ಸಲ ಹಡಗಿನ ಮಾಲೀಕರು ನೇರವಾಗಿ ಒಡೆಯುವ ಯಾರ್ಡಿಗೆ ಮಾರುವುದಿಲ್ಲ. ನಡುವೆ ಕ್ಯಾಶ್ ಬಯರ್ ಎನ್ನುವ ವ್ಯಾಪಾರಿ ಇರುತ್ತಾನೆ. ಪೂರ್ತಿ ಹಣ ಕೊಟ್ಟು, ಇದ್ದ ಸ್ಥಿತಿಯಲ್ಲೇ, ಇದ್ದ ಜಾಗದಲ್ಲೇ ಕೊಂಡುಕೊಳ್ಳುತ್ತಾನೆ. ಆಮೇಲೆ ಹಡಗಿಗೆ ಹೊಸ ಧ್ವಜ, ಹಲವು ಸಲ ಕೊಮೊರೊಸ್, ಪಲಾವ್‌ಗಳಂಥ ಪುಟ್ಟ ದೇಶಗಳದ್ದು. ಹಳೆಯ ಕಂಪನಿಯ ಚಿಹ್ನೆಗೆ ಬಣ್ಣ ಬಳಿಯುತ್ತಾರೆ, ಹೆಸರನ್ನೂ ಮೊಟಕು ಮಾಡುತ್ತಾರೆ. ಮ್ಯಾಗೆಲ್ಲನ್ ಮೇಜಸ್ ಆಯಿತು, ಕೊಲಂಬಸ್ ಕೊಲಸ್ ಆಯಿತು. ಒಂದೇ ಒಂದು ಸಾಗಾಟಕ್ಕೆ ಇಟ್ಟ ಹೆಸರು ಅದು. ಹಡಗು ಪ್ರೀತಿಸುವವರಿಗೆ ಈ ಅರ್ಧ ಅಳಿಸಿದ ಹೆಸರು ನೋಡುವುದು ಒಡೆದ ಹಡಗನ್ನು ನೋಡುವುದಕ್ಕಿಂತ ಕಷ್ಟ.

ಆದರೆ ಒಂದು ಗುರುತನ್ನು ಯಾರೂ ಅಳಿಸುವಂತಿಲ್ಲ. ಪ್ರತಿ ಹಡಗಿಗೂ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಏಳು ಅಂಕಿಯ ಸಂಖ್ಯೆ ಇರುತ್ತದೆ. ಹೆಸರು, ಧ್ವಜ, ಮಾಲೀಕ ಯಾವುದು ಬದಲಾದರೂ ಆ ಸಂಖ್ಯೆ ಹುಟ್ಟಿನಿಂದ ಸಾವಿನವರೆಗೂ ಒಂದೇ. ಹಡಗು ತನ್ನ ಜಾಗ, ವೇಗ, ದಿಕ್ಕನ್ನು ರೇಡಿಯೊ ಮೂಲಕ ಸಾರುತ್ತಲೇ ಇರುತ್ತದೆ, ಅದನ್ನು ನಕ್ಷೆಯ ಮೇಲೆ ಯಾರು ಬೇಕಾದರೂ ನೋಡಬಹುದು. ಅಭಿಮಾನಿಗಳು ತಮ್ಮ ಹಡಗಿನ ಕೊನೆಯ ಪ್ರಯಾಣವನ್ನು ಹೀಗೆ ಗಂಟೆ ಗಂಟೆಗೂ ಹಿಂಬಾಲಿಸುತ್ತಾರೆ. ಮುಚ್ಚುಮರೆಯಲ್ಲಿ ನಡೆಯಲಿ ಎಂದು ಬಯಸುವವರ ವ್ಯವಹಾರವೂ ಇದರಿಂದ ಬೆಳಕಿಗೆ ಬರುತ್ತದೆ. ಹಳಹಳಿಕೆ ಲೋಕಕ್ಕೆ ಉಪಯೋಗಕ್ಕೆ ಬಂದ ಅಪರೂಪದ ಸಂದರ್ಭ ಇದೆಂದು ನನಗೆ ಅನ್ನಿಸುತ್ತದೆ.

ದಡ ಹತ್ತಿಸುವುದು

ಅಲಂಗ್ ಇರುವುದು ಖಂಬಾತ್ ಕೊಲ್ಲಿಯ ಪಶ್ಚಿಮ ದಂಡೆಯ ಮೇಲೆ. ಅಲ್ಲಿ ಉಬ್ಬರ ಇಳಿತದ ನಡುವೆ ನೀರಿನ ಮಟ್ಟ ಸುಮಾರು ಹತ್ತು ಮೀಟರ್ ಏರಿಳಿಯುತ್ತದೆ, ತಳ ನಿಧಾನಕ್ಕೆ ಇಳಿಜಾರು. ಹಡಗು ಒಡೆಯುವುದಕ್ಕೆ ಪ್ರಕೃತಿಯೇ ಕಟ್ಟಿಕೊಟ್ಟ ಜಾಗ. 1983ರಲ್ಲಿ ಅಲ್ಲಿ ಮೊದಲ ಹಡಗು ದಡ ಹತ್ತಿತು. ಇಂದು ದಂಡೆಯ ಉದ್ದಕ್ಕೂ ಪ್ಲಾಟುಗಳ ಸಾಲಿದೆ.

ದೊಡ್ಡ ಹಡಗಾದರೆ ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ಭಾರಿ ಉಬ್ಬರಕ್ಕಾಗಿ ಹೊರಗೆ ಲಂಗರು ಹಾಕಿ ಕಾಯುತ್ತದೆ. ಕಸ್ಟಮ್ಸ್, ಮಾಲಿನ್ಯ ನಿಯಂತ್ರಣ ಮಂಡಳಿ ಮೊದಲಾದವರು ಬಂದು ನೋಡಿ ಹೋಗುತ್ತಾರೆ. ಸಾವಿರ ಮಂದಿ ಸಿಬ್ಬಂದಿ ಇದ್ದ ಹಡಗಿನಲ್ಲಿ ಆಗ ಉಳಿದಿರುವುದು ಬೆರಳೆಣಿಕೆಯ ಜನ. ಬೇಡದ ಇಂಧನ ಇಳಿಸಿ, ಮೂತಿ ಹಗುರಾಗಿ ಮೇಲೇಳುವಂತೆ ನೀರಿನ ತೊಟ್ಟಿಗಳನ್ನು ಹೊಂದಿಸುತ್ತಾರೆ. ನೀರು ತುಂಬಿ ನಿಲ್ಲುವ ಗಳಿಗೆಗೆ ಸರಿಯಾಗಿ ಕ್ಯಾಪ್ಟನ್ ಎಂಜಿನ್‌ಗೆ ಪೂರ್ತಿ ವೇಗ ಕೊಡುತ್ತಾನೆ. ಬದುಕಿಡೀ ಹಡಗನ್ನು ನೆಲಕ್ಕೆ ತಾಗಗೊಡದಂತೆ ಓಡಿಸಲು ಕಲಿತವನು ಅಂದು ನೆಲಕ್ಕೇ ಗುರಿಯಿಟ್ಟು ಓಡಿಸಬೇಕು. ಕೆಸರು ತಾಗಿದಾಗ ಇಡೀ ಒಡಲು ನಡುಗುತ್ತದೆ, ಆದರೆ ವೇಗಕ್ಕೆ ಇನ್ನಷ್ಟು ದೂರ ಜಾರಿಕೊಂಡು ಹೋಗಿ ನಿಲ್ಲುತ್ತದೆ. ಎಂಜಿನ್ ನಿಲ್ಲಿಸುತ್ತಾರೆ, ಆಮೇಲೆ ಜನರೇಟರ್. ಕಟ್ಟಿದ ದಿನದಿಂದ ಹಡಗಿನೊಳಗೆ ನಿಲ್ಲದೆ ಕೇಳುತ್ತಿದ್ದ ಗಾಳಿಯಂತ್ರದ ಸದ್ದು ಅಲ್ಲಿಗೆ ನಿಲ್ಲುತ್ತದೆ. ಆರು ಗಂಟೆಯಲ್ಲಿ ನೀರು ಹಿಂದೆ ಸರಿದು ತಳವೂ ಕಾಣುತ್ತದೆ.

ಎಲ್ಲವೂ ಅಂದುಕೊಂಡಂತೆ ಆಗುವುದಿಲ್ಲ. ಫಾಕ್‌ಲ್ಯಾಂಡ್ ಯುದ್ಧಕ್ಕೆ ಸೈನಿಕರನ್ನು ಒಯ್ದು ಬ್ರಿಟನ್ನಿನ ಮನೆಮಾತಾಗಿದ್ದ ಕ್ಯಾನ್‌ಬೆರಾ ಹಡಗನ್ನು 1997ರಲ್ಲಿ ಪಾಕಿಸ್ತಾನದ ಗಡಾನಿ ದಡಕ್ಕೆ ತಂದರು. ಅದರ ತಳ ಎಷ್ಟು ಆಳವಿತ್ತೆಂದರೆ ದಡದಿಂದ ದೂರದಲ್ಲೇ ಸಿಕ್ಕಿಕೊಂಡಿತು, ಒಡೆದು ಮುಗಿಸಲು ಸುಮಾರು ಒಂದು ವರ್ಷ ಹಿಡಿಯಿತು. ಅಷ್ಟು ಬೇಗ ಬಿಟ್ಟುಕೊಡಲಿಲ್ಲ ಎಂದು ಅದರ ಅಭಿಮಾನಿಗಳು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ.

ಅಲಿಯಾಗಾದಲ್ಲಿ ಇಂಥ ಉಬ್ಬರವಿಲ್ಲ. ಅಲ್ಲಿ ಹಡಗಿನ ಮೂತಿಯಷ್ಟೇ ನೆಲಕ್ಕೆ ತಾಗುತ್ತದೆ, ಹಿಂಭಾಗ ನೀರಿನಲ್ಲೇ ತೇಲುತ್ತಿರುತ್ತದೆ. ಮುಂದಿನಿಂದ ಕತ್ತರಿಸುತ್ತ ಬಂದಂತೆ ಹಡಗು ಹಗುರಾಗುತ್ತದೆ, ಆಗ ವಿಂಚು ಹಾಕಿ ಇನ್ನಷ್ಟು ದಡಕ್ಕೆ ಎಳೆದುಕೊಳ್ಳುತ್ತಾರೆ. ಡ್ರೋನ್ ಚಿತ್ರಗಳಲ್ಲಿ ಹಡಗುಗಳ ಹಿಂಭಾಗ ಪೂರ್ತಿಯಾಗಿಯೂ ಮುಂಭಾಗ ಬಯಲಾಗಿಯೂ ಕಂಡದ್ದಕ್ಕೆ ಕಾರಣ ಇದು.

ಕತ್ತರಿಸುವ ಕೆಲಸ ಒಳಗಿನಿಂದ ಹೊರಕ್ಕೆ, ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಮೊದಲು ಕುರ್ಚಿ, ಮೇಜು, ದೀಪ, ಪಾತ್ರೆ, ಕನ್ನಡಿ, ಜೀವರಕ್ಷಕ ಜಾಕೆಟ್ಟು. ಅಲಂಗ್‌ಗೆ ಹೋಗುವ ರಸ್ತೆಯ ಎರಡೂ ಬದಿಯಲ್ಲಿ ಇವನ್ನು ಮಾರುವ ಅಂಗಡಿಗಳು ಸಾಲುಗಟ್ಟಿವೆ. ಆಮೇಲೆ ಅಪಾಯದ ಸಾಮಗ್ರಿ ತೆಗೆಯಬೇಕು. ಹಳೆಯ ಹಡಗಿನಲ್ಲಿ ಬೆಂಕಿ ತಡೆಯಲು ಹಾಕಿದ ಕಲ್ನಾರು ಗೋಡೆ, ಪೈಪುಗಳಲ್ಲೆಲ್ಲ ಇರುತ್ತದೆ. ಅದರ ಎಳೆ ಉಸಿರಿನೊಂದಿಗೆ ಒಳಹೋದರೆ ಕಾಯಿಲೆ ದಶಕಗಳ ನಂತರ ಕಾಣಿಸಿಕೊಳ್ಳುತ್ತದೆ. ಬಣ್ಣದಲ್ಲಿ ಸೀಸ, ತಂತಿಯ ಹೊದಿಕೆಯಲ್ಲಿ ವಿಷಕಾರಿ ರಾಸಾಯನಿಕ, ತಳದಲ್ಲಿ ಎಣ್ಣೆಯ ರಾಡಿ. ಇದೆಲ್ಲ ಮುಗಿದ ಮೇಲೆ ಗ್ಯಾಸ್ ಕಟರ್ ಹಿಡಿದವರು ಬರುತ್ತಾರೆ. ಮನೆಯಷ್ಟು ದೊಡ್ಡ ತುಂಡು ಕತ್ತರಿಸಿ ಬೀಳಿಸಿ, ಅದನ್ನು ದಡದ ಮೇಲೆ ಹಾಳೆಗಳಾಗಿ ಸೀಳುತ್ತಾರೆ. ಅಲಂಗ್‌ನ ಹಾಳೆಗಳು ಬಹಳಷ್ಟು ರೀ-ರೋಲಿಂಗ್ ಮಿಲ್ಲುಗಳಿಗೆ ಹೋಗಿ, ಕರಗಿಸದೆಯೇ ಕಾಯಿಸಿ ಕಟ್ಟಡದ ಕಂಬಿಯಾಗುತ್ತವೆ. ಅಲಿಯಾಗಾದಲ್ಲಿ ಹತ್ತಿರದ ಕುಲುಮೆಗಳು ಕರಗಿಸಿಕೊಳ್ಳುತ್ತವೆ.

ಹಡಗಿಗೆ ಮರುಗುವವರು ಕೆಲಸದವರನ್ನೂ ನೋಡಬೇಕು

ಎಪ್ಪತ್ತರ ದಶಕದಲ್ಲಿ ಅಮೆರಿಕದ ‘ದಿ ಲವ್ ಬೋಟ್’ ಎಂಬ ಟಿ.ವಿ. ಧಾರಾವಾಹಿಯಿಂದ ಮನೆಮನೆಗೂ ಗೊತ್ತಾದ, ವಿಹಾರ ನೌಕೆ ಎಂದರೆ ಸಾಮಾನ್ಯರೂ ಹೋಗಬಹುದಾದದ್ದು ಎಂಬ ಆಸೆ ಹುಟ್ಟಿಸಿದ ಹಡಗು ಪೆಸಿಫಿಕ್ ಪ್ರಿನ್ಸೆಸ್. 2013ರಲ್ಲಿ ಅದು ಅಲಿಯಾಗಾ ಸೇರಿದಾಗ ಎಷ್ಟೋ ಪತ್ರಿಕೆಗಳು ಪ್ರೇಮದ ಹಡಗಿಗೆ ವಿದಾಯ ಎಂದು ಬರೆದವು. ಅದರ ಎಂಜಿನ್ ಕೋಣೆಯಲ್ಲಿ ವಿಷಾನಿಲ ಕುಡಿದು ಇಬ್ಬರು ಕಾರ್ಮಿಕರು ಸತ್ತರು. ಆ ಹಡಗಿನ ಕಥೆ ಹೇಳುವವರು ಈ ಇಬ್ಬರನ್ನು ಬಿಟ್ಟು ಹೇಳಿದರೆ ಕಥೆ ಅಪೂರ್ಣ ಮಾತ್ರವಲ್ಲ, ಸುಳ್ಳು.

ಇದೇ ಪ್ರಶ್ನೆ ದೊಡ್ಡದಾಗಿ ಎದ್ದದ್ದು ಫ್ರಾನ್ಸ್ ಎಂಬ ಹಡಗಿನ ವಿಷಯದಲ್ಲಿ. 1960ರಲ್ಲಿ ನೀರಿಗಿಳಿದು 1962ರಲ್ಲಿ ಸೇವೆಗೆ ಬಂದ ಅದು 316 ಮೀಟರ್ ಉದ್ದ. 2004ರಲ್ಲಿ ಕ್ವೀನ್ ಮೇರಿ 2 ಬರುವವರೆಗೂ ಅಷ್ಟುದ್ದದ ಪ್ರಯಾಣಿಕ ಹಡಗು ಇನ್ನೊಂದಿರಲಿಲ್ಲ. 1974ರಲ್ಲಿ ನಷ್ಟ ತಾಳಲಾರದೆ ಅದನ್ನು ನಿಲ್ಲಿಸಿದಾಗ ಇಡೀ ದೇಶಕ್ಕೆ ಅವಮಾನವಾದಂತಾಯಿತು. 1979ರಲ್ಲಿ ನಾರ್ವೆಯ ಹಡಗು ಉದ್ಯಮಿ ಕ್ನೂಟ್ ಕ್ಲೋಸ್ಟರ್ ಕೊಂಡು, ನಾರ್ವೆ ಎಂದು ಹೆಸರಿಟ್ಟು ಕೆರಿಬಿಯನ್‌ಗೆ ಕಳಿಸಿದರು. ದೊಡ್ಡ ಹಡಗಿನಲ್ಲೇ ರಜೆ ಕಳೆಯುವ ಇಂದಿನ ರೂಢಿಗೆ ದಾರಿ ತೋರಿದ್ದು ಅದೇ. 2003ರ ಮೇ 25ರಂದು ಮಯಾಮಿ ಬಂದರಿನಲ್ಲಿ ಬಾಯ್ಲರ್ ಸಿಡಿದು ಸಿಬ್ಬಂದಿಯ ಎಂಟು ಜನ ತೀರಿಕೊಂಡರು. ಮತ್ತೆ ಅದು ಪ್ರಯಾಣಿಕರನ್ನು ಹೊರಲಿಲ್ಲ. ಜರ್ಮನಿ, ಮಲೇಷ್ಯಾ ದಾಟಿ, ಬ್ಲೂ ಲೇಡಿ ಎಂಬ ಹೆಸರಿನಲ್ಲಿ 2006ರ ಆಗಸ್ಟ್‌ನಲ್ಲಿ ಅಲಂಗ್ ದಡ ಹತ್ತಿತು. ಒಳಗಿದ್ದ ಕಲ್ನಾರಿನ ಪ್ರಶ್ನೆ ಭಾರತದ ಸುಪ್ರೀಂ ಕೋರ್ಟಿಗೆ ಹೋಯಿತು. ವರ್ಷಕ್ಕೂ ಹೆಚ್ಚು ಕಾಲ ಅದು ಒಡೆಯಿಸಿಕೊಳ್ಳದೆ ಕೆಸರಿನಲ್ಲೇ ನಿಂತಿತ್ತು. 2007ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಷರತ್ತುಗಳೊಂದಿಗೆ ಅನುಮತಿ ಕೊಟ್ಟಿತು. ಫ್ರಾನ್ಸಿನಲ್ಲಿ ಅದಕ್ಕಾಗಿ ಕಣ್ಣೀರಿಟ್ಟವರದ್ದೂ, ಕಾರ್ಮಿಕರ ಶ್ವಾಸಕೋಶಕ್ಕಾಗಿ ಕೋರ್ಟಿಗೆ ಹೋದವರದ್ದೂ ಬೇರೆಬೇರೆ ಚಿಂತೆಯೆಂದು ಆಗ ಅನೇಕರು ತಿಳಿದರು. ಇಬ್ಬರೂ ಒಂದೇ ಹಡಗಿನ ಕೊನೆ ಮರ್ಯಾದೆಯಿಂದ ಆಗಲಿ ಎಂದೇ ಕೇಳುತ್ತಿದ್ದರು.

ಕಾನೂನು ನಿಧಾನವಾಗಿ ಬಂತು. ಹಡಗುಗಳ ಸುರಕ್ಷಿತ ಮರುಬಳಕೆಗಾಗಿ ಹಾಂಗ್‌ಕಾಂಗ್ ಒಪ್ಪಂದ 2009ರಲ್ಲಿ ಸಿದ್ಧವಾಯಿತು, ಆದರೆ ಜಾರಿಗೆ ಬಂದದ್ದು 2025ರ ಜೂನ್ 26ರಂದು. ಹಡಗಿನಲ್ಲಿ ಯಾವ ಅಪಾಯಕಾರಿ ಸಾಮಗ್ರಿ ಎಲ್ಲಿದೆ ಎಂಬ ಪಟ್ಟಿ ಇರಬೇಕು, ಪ್ರತಿ ಹಡಗಿಗೂ ಒಡೆಯುವ ಯೋಜನೆ ಬರೆಯಬೇಕು, ಯಾರ್ಡಿಗೆ ಪರವಾನಗಿ ಬೇಕು ಎಂಬುದು ಅದರ ಸಾರ. ಭಾರತ 2019ರಲ್ಲೇ ಹಡಗು ಮರುಬಳಕೆ ಕಾಯ್ದೆ ಮಾಡಿಕೊಂಡಿತು. ಯುರೋಪಿನ ಒಕ್ಕೂಟದ ನಿಯಮ ಇನ್ನೂ ಬಿಗಿ: ಅದರ ಧ್ವಜದ ಹಡಗುಗಳು ಅದು ಒಪ್ಪಿದ ಯಾರ್ಡುಗಳಲ್ಲೇ ಒಡೆಯಬೇಕು. ಆ ಪಟ್ಟಿಯಲ್ಲಿ ಅಲಿಯಾಗಾದ ಕೆಲವು ಯಾರ್ಡುಗಳಿವೆ. ಆದರೆ ಕಡಲ ತೀರದ ಮರಳಿನ ಮೇಲೇ ಒಡೆಯುವ ಪದ್ಧತಿಯನ್ನು ಹಾಂಗ್‌ಕಾಂಗ್ ಒಪ್ಪಂದ ನಿಷೇಧಿಸಿಲ್ಲ, ಧ್ವಜ ಬದಲಿಸಿ ಯುರೋಪಿನ ನಿಯಮದಿಂದ ಜಾರಿಕೊಳ್ಳುವ ದಾರಿಯೂ ಮುಚ್ಚಿಲ್ಲ. ಈ ಎರಡು ಕೊರತೆ ತುಂಬುವವರೆಗೆ ಕೆಲಸ ಆಗಿದೆ ಎನ್ನಲಾರೆ.

ಯಾವುದು ಉಳಿಯುತ್ತದೆ

ಹಳೆಯ ಮನೆ ಬಿದ್ದರೂ ಅದಿದ್ದ ಜಾಗ ಇರುತ್ತದೆ, ಹೋಗಿ ನಿಲ್ಲಬಹುದು. ಹಡಗಿಗೆ ಆ ಭಾಗ್ಯವಿಲ್ಲ. ನೀವು ಹೊಸ ಬದುಕು ಶುರು ಮಾಡಿದ ಡೆಕ್ಕು ಭೂಪಟದ ಮೇಲೆ ಎಲ್ಲೂ ಇರಲಿಲ್ಲ, ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ. ಸಿಬ್ಬಂದಿಗಂತೂ ಅದು ಊರೇ ಆಗಿತ್ತು. ಪ್ರಯಾಣಿಕರ ಕಣ್ಣಿಗೆ ಬೀಳದಂತೆ ಕೆಳ ಅಂತಸ್ತಿನಲ್ಲಿ ಹಡಗಿನ ಉದ್ದಕ್ಕೂ ಹಾಯುವ ಕಾರಿಡಾರಿಗೆ, ಅಮೆರಿಕದ ಹೆದ್ದಾರಿಯೊಂದರ ನೆನಪಿನಲ್ಲಿ, ಐ-95 ಎಂದು ಕರೆಯುವುದು ಅನೇಕ ಹಡಗುಗಳಲ್ಲಿ ರೂಢಿ. ಹತ್ತಾರು ದೇಶಗಳ ಜನ ಅಲ್ಲಿ ಒಬ್ಬರಿಗೊಬ್ಬರು ಎದುರಾಗುತ್ತಿದ್ದರು, ಸಾಲ ತೀರಿಸುತ್ತಿದ್ದರು, ಮದುವೆಯ ಮಾತಾಡುತ್ತಿದ್ದರು. 2007ರಲ್ಲಿ ಮೊನಾರ್ಕ್ ಆಫ್ ದಿ ಸೀಸ್‌ನ ಚುಕ್ಕಾಣಿ ಹಿಡಿದ ಸ್ವೀಡನ್ನಿನ ಕಾರಿನ್ ಸ್ತಾರೆ ಯಾನ್‌ಸನ್, ದೊಡ್ಡ ವಿಹಾರ ನೌಕೆಯೊಂದರ ಮೊದಲ ಮಹಿಳಾ ಕ್ಯಾಪ್ಟನ್. ಆ ಚರಿತ್ರೆ ನಡೆದ ಕೋಣೆಯೂ 2020ರಲ್ಲಿ ಅಲಿಯಾಗಾ ಸೇರಿತು. ಫಲಕ ಹಾಕುವುದಕ್ಕೂ ಗೋಡೆಯಿಲ್ಲ.

ಹಾಗಾಗಿ ಜನ ತುಂಡುಗಳನ್ನಾದರೂ ಹಿಡಿದುಕೊಳ್ಳುತ್ತಾರೆ. ಇದು ಹೊಸ ಚಟವಲ್ಲ. ಟೈಟಾನಿಕ್‌ನ ಅಕ್ಕ ಒಲಿಂಪಿಕ್ 1935ರಲ್ಲಿ ಇಂಗ್ಲೆಂಡಿನ ಜ್ಯಾರೋ ಪಟ್ಟಣಕ್ಕೆ ಗುಜರಿಗೆ ಬಂದಾಗ ಅಲ್ಲಿನ ನಿರುದ್ಯೋಗಿಗಳಿಗೆ ಅದರಿಂದ ಕೆಲಸ ಸಿಕ್ಕಿತು, ಒಳಗಿನ ಮರದ ಕೆತ್ತನೆಗಳು ಹರಾಜಾದವು. ಅವುಗಳಲ್ಲಿ ಒಂದಷ್ಟು ಆಲ್ನಿಕ್ ಎಂಬ ಊರಿನ ವೈಟ್ ಸ್ವಾನ್ ಹೋಟೆಲಿನ ಊಟದ ಕೋಣೆಯಲ್ಲಿ ಇಂದಿಗೂ ಇವೆ. ಫ್ರಾನ್ಸ್ ಹಡಗಿನ ಮೂತಿಯ ತುದಿಯನ್ನು ಅಲಂಗ್‌ನಲ್ಲಿ ಕತ್ತರಿಸಿ ಜೋಪಾನ ಮಾಡಿದರು. 2009ರಲ್ಲಿ ಪ್ಯಾರಿಸ್ಸಿನಲ್ಲಿ ಅದು ಹರಾಜಾಯಿತು, 2018ರಲ್ಲಿ ಹಡಗಿನ ತವರು ಬಂದರಾದ ಲ ಆವ್ರ್‌ನ ದಡದಲ್ಲಿ ಅದನ್ನು ನಿಲ್ಲಿಸಿದರು.

ಇಡೀ ಹಡಗನ್ನು ಉಳಿಸುವುದು ಮಾತ್ರ ಬಹಳ ಕಷ್ಟ. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ 1967ರಿಂದ ನಿಂತಿರುವ ಕ್ವೀನ್ ಮೇರಿಗೆ ದುರಸ್ತಿಯ ಖರ್ಚು ಎಂದೂ ಮುಗಿದಿಲ್ಲ. 1952ರಲ್ಲಿ ಅಟ್ಲಾಂಟಿಕ್ ದಾಟುವ ವೇಗದ ದಾಖಲೆ ಮಾಡಿದ ಯುನೈಟೆಡ್ ಸ್ಟೇಟ್ಸ್ ಹಡಗಿಗಾಗಿ ಅಭಿಮಾನಿಗಳು ದಶಕಗಟ್ಟಲೆ ಹೋರಾಡಿದರೂ ನಿಲ್ಲಿಸಲು ಜಾಗ ಉಳಿಯದೆ, 2025ರ ಫೆಬ್ರುವರಿಯಲ್ಲಿ ಅದನ್ನು ಫಿಲಡೆಲ್ಫಿಯಾದಿಂದ ಎಳೆದೊಯ್ದರು; ಫ್ಲಾರಿಡಾದ ಕಡಲಲ್ಲಿ ಮುಳುಗಿಸಿ ಮೀನುಗಳಿಗೆ ಆಸರೆಯಾಗುವ ಕೃತಕ ದಿಬ್ಬ ಮಾಡುವ ತೀರ್ಮಾನವಾಯಿತು. 1948ರಲ್ಲಿ ಸ್ಟಾಕ್‌ಹೋಮ್ ಎಂಬ ಹೆಸರಿನಲ್ಲಿ ಸೇವೆಗೆ ಬಂದು, 1956ರಲ್ಲಿ ಇಟಲಿಯ ಆಂಡ್ರಿಯಾ ಡೋರಿಯಾಗೆ ಢಿಕ್ಕಿ ಹೊಡೆದು, ಆಮೇಲೂ ಆರು ದಶಕ ಬಾಳಿದ ಅಸ್ಟೋರಿಯಾ 2025ರಲ್ಲಿ ಬೆಲ್ಜಿಯಂನ ಗೆಂಟ್‌ನಲ್ಲಿ ಗುಜರಿ ಸೇರಿತು.

ನೋಡುವ ಆಸೆಯಿದ್ದವರಿಗೆ ಕೆಲವು ಇನ್ನೂ ಇವೆ. 1959ರ ರೋಟರ್ಡ್ಯಾಮ್ ಅದೇ ಹೆಸರಿನ ಊರಿನಲ್ಲಿ 2010ರಿಂದ ಹೋಟೆಲಾಗಿದೆ, ಹಳೆಯ ಮರಗೆಲಸದೊಂದಿಗೆ. ಕ್ವೀನ್ ಎಲಿಜಬೆತ್ 2 ದುಬೈನಲ್ಲಿದೆ. ಓಡುತ್ತಿರುವ ಹಡಗಿನಲ್ಲೇ ಕಾಲಿಡಬೇಕೆಂದರೆ, 1984ರಲ್ಲಿ ರಾಜಕುಮಾರಿ ಡಯಾನಾ ಹೆಸರಿಟ್ಟು ಕಳಿಸಿದ ರಾಯಲ್ ಪ್ರಿನ್ಸೆಸ್ ಈಗ ಅರ್ಟೇನಿಯಾ ಆಗಿ ಜರ್ಮನ್ ಪ್ರಯಾಣಿಕರನ್ನು ಹೊರುತ್ತಿದೆ. ಅಲಿಯಾಗಾದಲ್ಲಿ ಒಡೆದ ಫ್ಯಾಂಟಸಿಯ ಸರಣಿಯಲ್ಲಿ ಒಟ್ಟು ಎಂಟು ಹಡಗುಗಳಿದ್ದವು. ಅವುಗಳಲ್ಲಿ ಉಳಿದಿರುವುದು ಎಲೇಷನ್ ಮತ್ತು ಪ್ಯಾರಡೈಸ್ ಎರಡೇ. ಎರಡೂ 1998ರವು, ಲೆಕ್ಕದ ಪ್ರಕಾರ ಅವುಗಳ ಸರದಿ ದೂರವಿಲ್ಲ.